ಕಲ್ಲುತೋಟದ ಕಾಡುಬಸಳೆ

ಗಿಡಕ್ಕೆ ಮಣ್ಣು ಬೇಕು, ನೀರು ಬೇಕು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಬಂಡೆಯ ಬಿರುಕಿನಲ್ಲಿ, ಹಿಡಿ ಮಣ್ಣಿನಲ್ಲಿ ಬಾಳುವ ಸಸ್ಯಗಳೂ ಉಂಟು. ಹಿಮಾಲಯ, ಆಲ್ಪ್ಸ್ ಮೊದಲಾದ ಪರ್ವತಗಳಲ್ಲಿ, ಮರಗಳು ಬೆಳೆಯಲಾರದ ಎತ್ತರದಲ್ಲಿ, ನೆಲಕ್ಕೆ ಒತ್ತಿಕೊಂಡು ಬೆಳೆಯುವ ಬಹುವಾರ್ಷಿಕ ಗಿಡಗಳು ಅಂಥವು. ಅವುಗಳನ್ನು ಮನೆಯಂಗಳದಲ್ಲಿ ಬೆಳೆಸುವ ಹಂಬಲದಿಂದ ಯುರೋಪಿನಲ್ಲಿ ಕಲ್ಲುತೋಟದ ಕಲೆ ಬೆಳೆಯಿತು. ನಮ್ಮ ಬ್ಯಾಟರಾಯನಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿ ಹಿಮ ಬೀಳುವುದಿಲ್ಲ; ಆ ಶೀತಪ್ರಿಯ ಸಸ್ಯಗಳಿಗೆ ಈ ಹವೆ ಒಗ್ಗದು. ಅವುಗಳಿಗೆ ಬದಲಾಗಿ ನಮ್ಮ ಕಲ್ಲುತೋಟದಲ್ಲಿ ಕಾಡುಬಸಳೆಯನ್ನು ಬೆಳೆಸಬಹುದು.

ಕಾಡುಬಸಳೆಯ ತವರು ಮಡಗಾಸ್ಕರ್ ದ್ವೀಪ. ಇದರ ದಪ್ಪ ಎಲೆಗಳು ನೀರಿನ ಕಣಜಗಳು. ಹೆಚ್ಚಿನ ಸಸ್ಯಗಳು ಪತ್ರರಂಧ್ರಗಳನ್ನು ಹಗಲಿನಲ್ಲಿ ತೆರೆದರೆ, ಇದು ಇರುಳಿನ ತಂಪಿನಲ್ಲಿ ತೆರೆಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲರೂಪದಲ್ಲಿ ಕೂಡಿಡುತ್ತದೆ. ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಆ ಸಂಗ್ರಹವನ್ನು ಆಹಾರವಾಗಿಸಿಕೊಳ್ಳುತ್ತದೆ. ಹೀಗೆ ನೀರು ವ್ಯರ್ಥವಾಗಿ ಆವಿಯಾಗುವುದು ತಪ್ಪುತ್ತದೆ. ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ಕೆಲಕಾಲ ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್, ಈ ಎಲೆ ಬೆಳಗ್ಗೆ ಹುಳಿಯಾಗಿಯೂ ನಡುಹಗಲಿನಲ್ಲಿ ರುಚಿಹೀನವಾಗಿಯೂ ಇರುವುದನ್ನು ಗುರುತಿಸಿದನು. ಅವನ ಬರೆಹ 1815ರಲ್ಲಿ ಪ್ರಕಟವಾಯಿತು. ಆ ಹುಳಿಯ ಮರ್ಮ ಪೂರ್ಣವಾಗಿ ತಿಳಿದದ್ದು ಬಹುಕಾಲದ ಮೇಲೆ.

ಬಂಡೆಯ ಸಸ್ಯಗಳಿಗೆ ನೀರಿನ ಅಭಾವಕ್ಕಿಂತ ನಿಂತ ನೀರೇ ದೊಡ್ಡ ಶತ್ರು. ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಆದುದರಿಂದ ತಳದಲ್ಲಿ ಒಡೆದ ಇಟ್ಟಿಗೆ, ಜಲ್ಲಿಗಳನ್ನು ಹರಡಿ, ಅದರ ಮೇಲೆ ಕೆಮ್ಮಣ್ಣು, ದಪ್ಪ ಮರಳು ಹಾಗೂ ಸ್ವಲ್ಪ ಎಲೆಗೊಬ್ಬರ ಬೆರೆಸಿ ದಿಬ್ಬವೇರಿಸಬೇಕು. ಕಲ್ಲುಗಳು ಅಲುಗದಂತೆ ಅವುಗಳ ಬುಡವನ್ನು ಮಣ್ಣಿನಲ್ಲಿ ಹುದುಗಿಸಬೇಕು. ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು.

ಈ ಗಿಡಕ್ಕೆ ಬೀಜವೇ ಬೇಕಿಲ್ಲ. ಬಲಿತ ಎಲೆಯೊಂದನ್ನು ನೆರಳಿನಲ್ಲಿ, ತೇವದ ಮರಳಿನ ಮೇಲೆ ಇಟ್ಟರೆ ಕೆಲವು ವಾರಗಳಲ್ಲಿ ಅದರ ಅಂಚಿನ ಕಚ್ಚುಗಳಿಂದ ಮರಿಗಿಡಗಳು ಹುಟ್ಟುತ್ತವೆ. ಬೇರು ಬಿಟ್ಟ ಬಳಿಕ ಅವನ್ನು ಬಿಡಿಸಿ ನೆಡಬಹುದು. ಎಲೆ ಬಿದ್ದಲ್ಲೆಲ್ಲ ಬೆಳೆಯುವ ಈ ಗುಣದಲ್ಲಿ ಅಪಾಯವೂ ಅಡಗಿದೆ. ಹಲವು ದೇಶಗಳಲ್ಲಿ ಕಾಡುಬಸಳೆ ಕಳೆಯಾಗಿ ಹಬ್ಬಿದೆ. ಮೇದ ದನಕರುಗಳಿಗೆ ಇದು ವಿಷವಾಗಬಲ್ಲದು. ಆದುದರಿಂದ ಕತ್ತರಿಸಿದ ಎಲೆಗಳನ್ನು ಬಯಲಿನಲ್ಲಿ ಎಸೆಯಬಾರದು.

ಅಂತೆಯೇ, ನಂದಿ, ಶಿವಗಂಗೆಯಂಥ ಬೆಟ್ಟಗಳ ಸಸ್ಯಗಳನ್ನು ತೋಟದ ಅಂದಕ್ಕಾಗಿ ಕಿತ್ತು ತರಲೂಬಾರದು. ಬಂಡೆಯ ಮೇಲೆ ಹಿಡಿ ಮಣ್ಣು ಕೂಡಲು ಬಹುಕಾಲ ಬೇಕು. ಬೇರಿನ ಹಿಡಿತ ತಪ್ಪಿದರೆ ಅದು ಒಂದೇ ಮಳೆಗೆ ಕೊಚ್ಚಿಹೋದೀತು. ನೆರೆಮನೆಯ ಗಿಡದ ಒಂದು ಎಲೆ ನಮ್ಮ ತೋಟಕ್ಕೆ ಸಾಕು.