ಕುದ್ಮುಲ್ ರಂಗರಾಯರೆಂಬ ವಕೀಲರು

ವಕೀಲನೆಂದರೆ ಯಾರು ಎಂದು ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗನು ಎದ್ದು, "ಸುಳ್ಳನ್ನು ನಿಜ ಮಾಡುವವನು, ಸರ್" ಎಂದನು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಉತ್ತರಕ್ಕೆ ಅಂಕ ಕೊಡಲಾರೆವು.

ಕಲ್ಯಾಣದ ನ್ಯಾಯಾಲಯದ ಮುಂದೆ ಕಾಗದದ ಕಟ್ಟು ಹಿಡಿದು ನಿಂತಿರುವ ಜನರನ್ನು ನಮ್ಮ ಉಲ್ಹಾಸನಗರದ ಮಕ್ಕಳು ನೋಡಿರಬಹುದು. ಅವರಿಗೆ ತಮ್ಮ ಸಂಕಟವೇನೆಂಬುದು ಚೆನ್ನಾಗಿ ಗೊತ್ತು. ಅದನ್ನು ಕಾಯಿದೆಗೆ ಹೊಂದುವಂತೆ ಹೇಳಲು ಬಾರದು. ವಕಾಲತ್ತಿಗೆ ರುಜು ಹಾಕಿದೊಡನೆ ಅವರ ಪರವಾಗಿ ಮಾತನಾಡುವ ಅಧಿಕಾರವು ವಕೀಲನಿಗೆ ಬರುತ್ತದೆ. ಅವನು ಸಾಕ್ಷಿಗಳನ್ನು ವಿಚಾರಿಸುತ್ತಾನೆ. ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲು ಹಾಕಿ ಹುರುಳೆಷ್ಟು, ಹೊಟ್ಟೆಷ್ಟು ಎಂಬುದನ್ನು ತೋರಿಸುತ್ತಾನೆ. ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ. ಬಾಯಿಲ್ಲದವನಿಗೆ ಬಾಯಾಗುವುದೇ ವಕೀಲನ ವೃತ್ತಿ.

ಹೀಗೆ ಬಾಯಾದವರಲ್ಲಿ ಕುದ್ಮುಲ್ ರಂಗರಾಯರು ಒಬ್ಬರು. ಅವರು 1859ರಲ್ಲಿ ಕಾಸರಗೋಡು ತಾಲ್ಲೂಕಿನಲ್ಲಿ ಹುಟ್ಟಿದರು. ಇಂದು ಕೇರಳಕ್ಕೆ ಸೇರಿದ ಆ ನಾಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡುದರಿಂದ ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ನಮ್ಮಂತೆ ಊರು ಬಿಟ್ಟವರೇ. ಮೊದಲು ಶಾಲಾ ಮಾಸ್ತರರಾಗಿದ್ದು, ದುಡಿಯುತ್ತಲೇ ಓದಿ, ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅಂದು ಜಿಲ್ಲಾ ನ್ಯಾಯಾಲಯಗಳಲ್ಲಿ ವಾದಿಸಲು ಕಾಲೇಜಿನ ಪದವಿಯೇ ಬೇಕೆಂದಿರಲಿಲ್ಲ. ಈ ಪರೀಕ್ಷೆ ಸಾಕಾಗಿತ್ತು. ಅವರು ಮಾಸ್ತರರಾಗಿದ್ದರೆಂಬುದು ನಮಗೆ ಹೆಮ್ಮೆ. ಬಿಟ್ಟು ಹೋದರಲ್ಲಾ ಎಂದು ಸ್ವಲ್ಪ ಬೇಸರ!

ಬಡವರ ವಕೀಲರೆಂಬ ಹೆಸರು ಅವರಿಗೆ ಬಂದಿತು. ಆ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಮಂಗಳೂರಿನವರು ಹೇಳುತ್ತಾರೆ. ನಾಲ್ಕನೆಯ ತರಗತಿ ಮುಗಿಸಿದ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ಸಿಕ್ಕಿತು. ಮೇಲುಜಾತಿಯವರು ಇದನ್ನು ಸಹಿಸದೆ ಗದ್ದಲವೆಬ್ಬಿಸಿದರು. ರಂಗರಾಯರು ಯುವಕನ ಪಕ್ಷ ವಹಿಸಿದರು. ನ್ಯಾಯ ಹಂಚುವ ಮನೆಯೊಳಗೇ ಹೀಗಾದರೆ ಹೊರಗಿನ ಗತಿಯೇನು? ಒಬ್ಬೊಬ್ಬನ ಪರವಾಗಿ ವಾದಿಸುತ್ತ ಎಷ್ಟು ಕಾಲ ಕಳೆಯುವುದು? ಅವರೇ ಓದಿ ಬರೆದು ಅವರೇ ಮಾತನಾಡುವಂತಾಗಬೇಕು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ಬಾಡಿಗೆಯ ಜಾಗದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧವು ಕೂಡಲೇ ಎದ್ದಿತು. ಕಲಿಸಲು ಮಾಸ್ತರರೇ ಸಿಕ್ಕುವುದು ದುಸ್ತರವಾಯಿತು. ಆದರೂ ಬಿಡದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆಗಳ ಸಂಖ್ಯೆ ಬೆಳೆಯಿತು. ವಿದ್ಯಾರ್ಥಿನಿಲಯ, ನೇಯ್ಗೆ, ಮರಗೆಲಸದ ತರಬೇತಿ ಬಂದವು. ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನೂ ಕೊಡಿಸಿದರು.

ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಕಾಸು ಕೊಡುತ್ತಿದ್ದರೆಂದು ಪ್ರತೀತಿಯಿದೆ. ಇದೇನು, ಓದಲು ಕೂಲಿಯೇ ಎಂದು ನೀವು ಕೇಳುವಿರಿ. ಹೌದು, ಕೂಲಿಯೇ. ದನ ಕಾಯುವ ಹುಡುಗನು ಸ್ಲೇಟು ಹಿಡಿದರೆ ಅಂದಿನ ಗಂಜಿಗೆ ಸಂಚಕಾರ. ತಂದೆತಾಯಿಗಳಿಗೆ ಉಪನ್ಯಾಸ ಕೊಡುವುದಕ್ಕಿಂತ ನಷ್ಟವನ್ನು ಲೆಕ್ಕಹಾಕಿ ತುಂಬಿಕೊಡುವುದು ಲೇಸು. ಇದು ವಕೀಲ ಬುದ್ಧಿ. ನಮ್ಮಂಥ ಮಾಸ್ತರರಿಗೆ ಹೊಳೆಯುತ್ತಿತ್ತೋ ಇಲ್ಲವೋ.

ಸ್ವಂತ ಸಮಾಜದವರು ಅವರಿಗೆ ಬಹಿಷ್ಕಾರ ಹಾಕಿದರು. ಬ್ರಹ್ಮಸಮಾಜದ ಅನುಯಾಯಿಗಳಾಗಿದ್ದ ರಾಯರು ಜಗ್ಗಲಿಲ್ಲ. ಬಾಲವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿದರು. ಆಕೆ ಮದ್ರಾಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ವ್ಯಾಸಂಗ ಮಾಡಿ, ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರನ್ನು ಮದುವೆಯಾಗಿ, 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು.

ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ಮುಂದೆ ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂಬುದು ರಂಗರಾಯರ ಹಂಬಲವಾಗಿತ್ತಂತೆ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಅವರ ಶವವನ್ನು, ಅವರೇ ಕೇಳಿಕೊಂಡಿದ್ದಂತೆ, ದಲಿತರು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಒಯ್ದರು.