ಕಮ್ಯುನಿಸ್ಟ್ ಗಿಡದ ಬುಡದಲ್ಲಿ ಏನಿತ್ತು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋದವರಿಗೆಲ್ಲ ಈ ಗಿಡ ಗೊತ್ತು. ಕತ್ತಿ ತಾಗಿ ಕೈ ಕೊಯ್ದರೆ ಮೊದಲು ಹುಡುಕುವುದು ಇದನ್ನೇ. ನಾಲ್ಕು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ, ರಸವನ್ನು ಗಾಯದ ಮೇಲೆ ಹಿಂಡಿದರೆ ಒಮ್ಮೆ ಚುರ್ ಎನ್ನುತ್ತದೆ, ಆಮೇಲೆ ರಕ್ತ ನಿಲ್ಲುತ್ತದೆ. ಆ ಘಾಟು ರಾತ್ರಿ ಉಣ್ಣಲು ಕೂತಾಗಲೂ ಬೆರಳಿನಲ್ಲೇ ಇರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಮೂರು ನರಗಳು ತ್ರಿಶೂಲದ ಹಾಗೆ ಕವಲೊಡೆದದ್ದು ಕಾಣುತ್ತದೆ. ಚಳಿಗಾಲಕ್ಕೆ ಮಾಸಲು ಬಿಳಿ ಹೂ, ಬೇಸಿಗೆಗೆ ಕುಚ್ಚು ಕಟ್ಟಿಕೊಂಡು ಗಾಳಿಯಲ್ಲಿ ತೇಲುವ ಬೀಜ. ಓದಿದವರು ಯುಪಟೋರಿಯಂ ಎಂದರು, ಉಳಿದವರು ಕಮ್ಯುನಿಸ್ಟ್ ಗಿಡ ಎಂದರು.

ಗಾಯಕ್ಕೆ ಮದ್ದಾದ ಈ ಗಿಡ ಬೆಟ್ಟಕ್ಕೆ ಮಾತ್ರ ಮದ್ದಾಗಲಿಲ್ಲ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ಸೀಮೆ ಇದು. ತೋಟಕ್ಕೆ ಬೇಕಾದ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು, ದನಕ್ಕೆ ಹುಲ್ಲು, ಎಲ್ಲಕ್ಕೂ ಬೆಟ್ಟವೇ ಗತಿ. ಮತ್ತಿ, ಹೊನ್ನೆ, ನಂದಿ, ನೇರಳೆ ನಿಂತಿರುವ ಅಂಥ ಬೆಟ್ಟದಲ್ಲಿ ಎಲ್ಲಿ ಬಿಸಿಲು ನೆಲಕ್ಕೆ ಬಿತ್ತೋ ಅಲ್ಲಿ ಈ ಗಿಡ ಆಳೆತ್ತರ ಎದ್ದಿತು. ಅದರ ನಡುವೆ ಬೇರೆ ಸಸಿ ಏಳುವುದು ಅಪರೂಪವಾಯಿತು. ನೆರಳು ಜಾಸ್ತಿಯಾಯಿತು ಎನ್ನೋಣವೇ? ಸವರಿ ಹಾಕಿದ ಜಾಗದಲ್ಲೂ ಸಸಿಗಳು ಸೊರಗಿದರೆ ಏನೆನ್ನುವುದು?

ಉತ್ತರಕ್ಕೆ ಮುಂಚೆ ಗಿಡದ ಜಾತಕ ನೋಡಬೇಕು. ಇದರ ತವರು ಅಮೆರಿಕ ಖಂಡದ ಉಷ್ಣ ವಲಯ. 1759ರಲ್ಲಿ ಲಿನೇಯಸ್ ಇದಕ್ಕೆ ಯುಪಟೋರಿಯಂ ಒಡೊರೇಟಂ ಎಂದು ಹೆಸರಿಟ್ಟ. 1970ರಲ್ಲಿ ಕಿಂಗ್ ಮತ್ತು ರಾಬಿನ್ಸನ್ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಕ್ರೊಮೊಲೀನಾ ಕುಲಕ್ಕೆ ಸೇರಿಸಿದರು. ಹೊಸ ಹೆಸರು ಪುಸ್ತಕಕ್ಕೆ ಬಂತು, ಊರಿಗೆ ಬರಲಿಲ್ಲ. 1845ರಷ್ಟು ಹಿಂದೆಯೇ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿ ಇದು ಇತ್ತು. ಎರಡನೇ ಮಹಾಯುದ್ಧಕ್ಕೆಂದು ಅಸ್ಸಾಂ ಗಡಿಗೆ ಹೋದ ಕೂಲಿಗಳ ಸಾಮಾನಿನೊಂದಿಗೆ ಬೀಜ ಕೇರಳಕ್ಕೆ ಬಂತೆಂಬ ಮಾತಿದೆ. ಅಲ್ಲಿ ಇದಕ್ಕೆ ‘ಕಮ್ಯುನಿಸ್ಟ್ ಪಚ್ಚ’ ಎಂಬ ಹೆಸರು. ಪಕ್ಷವೂ ಗಿಡವೂ ಒಂದೇ ಕಾಲಕ್ಕೆ ಹಬ್ಬಿದ್ದಕ್ಕೆ ಈ ನಂಟು. ನಮ್ಮ ಮರವೊಂದಕ್ಕೂ ಈ ಕತೆಯಲ್ಲಿ ಪಾಲಿದೆ: ನೈಜೀರಿಯಾಕ್ಕೆ ಇದು 1930ರ ದಶಕದಲ್ಲಿ ಹೋದದ್ದು ಶ್ರೀಲಂಕಾದಿಂದ ತರಿಸಿದ ಶಿವನೆ ಬೀಜದ ಜೊತೆ ಬೆರೆತು.

ಎಲ್ಲ ಕಡೆಗೂ ಇದು ಕದ್ದೇ ಹೋದದ್ದಲ್ಲ. ಏಷ್ಯಾ, ಆಫ್ರಿಕಾದ ಕೆಲವು ತೋಟಗಳಲ್ಲಿ ನೆಲ ಮುಚ್ಚಲು, ಮಣ್ಣು ಕೊಚ್ಚಿ ಹೋಗದಂತೆ ತಡೆಯಲು, ಹಠಮಾರಿ ಹುಲ್ಲನ್ನು ಹತ್ತಿಕ್ಕಲು ಬೇಕೆಂದೇ ಇಟ್ಟುಕೊಂಡರು. ಕೆಲಸಕ್ಕೆ ಬಂದವನೇ ಮನೆಯ ಯಜಮಾನನಾಗಿ ಕೂತ.

ಈ ಯಜಮಾನಿಕೆಯ ಗುಟ್ಟೇನು? ಬಹುಕಾಲ ಬೆರಳು ತೋರಿಸುತ್ತಿದ್ದದ್ದು ವಿಷದ ಕಡೆಗೆ. ಅಮೆರಿಕದ ಮೊಂಟಾನಾ ವಿಶ್ವವಿದ್ಯಾಲಯದ ರೇಗನ್ ಕ್ಯಾಲವೇ ಬೇರೆ ಕಳೆಗಳನ್ನು ನೋಡಿ ಒಂದು ವಾದ ಮುಂದಿಟ್ಟಿದ್ದರು: ಪರದೇಶದಿಂದ ಬಂದ ಗಿಡ ಬೇರಿನಿಂದ ಒಸರುವ ರಸಾಯನ ಇಲ್ಲಿನ ಗಿಡಗಳಿಗೆ ಹೊಸ ಆಯುಧ. ಹಿಂದೆಂದೂ ಕಂಡಿಲ್ಲದ ಕಾರಣ ಅವಕ್ಕೆ ಅದನ್ನು ತಾಳುವ ಶಕ್ತಿ ಇಲ್ಲ. ಯುಪಟೋರಿಯಂನ ಘಾಟು ಮೂಗಿಗೆ ಬಡಿದವರಿಗೆ ಈ ವಾದ ಒಪ್ಪಿಕೊಳ್ಳಲು ಕಷ್ಟವೇನಿಲ್ಲ.

ದೆಹಲಿ ವಿಶ್ವವಿದ್ಯಾಲಯದ ಸೀಮಾ ಮಂಗ್ಲಾ ಮತ್ತು ಇಂದರ್‌ಜಿತ್, ಇದೇ ಕ್ಯಾಲವೇ ಅವರ ಜೊತೆಗೂಡಿ, ಗಿಡವನ್ನು ಬಿಟ್ಟು ಮಣ್ಣನ್ನು ಹಿಡಿದರು. ಪಶ್ಚಿಮಘಟ್ಟದಲ್ಲಿ ಈ ಗಿಡದ ಬುಡದ ಮಣ್ಣು ಒಂದು ಕಡೆ, ಸ್ಥಳೀಯ ಗಿಡಗಳ ಅಕ್ಕಪಕ್ಕದ ಮಣ್ಣು ಇನ್ನೊಂದು ಕಡೆ. ಎರಡರಲ್ಲೂ ಬೇರೆ ಸಸ್ಯಗಳನ್ನು ಬೆಳೆಸಿ ನೋಡಿದರು. ಯುಪಟೋರಿಯಂ ಬುಡದ ಮಣ್ಣಿನಲ್ಲಿ ಸಸಿಗಳು ಏಳಿಗೆ ಕಾಣಲಿಲ್ಲ. ಗಮನಿಸಿ, ನೆರಳು ಹಾಕಲು, ನೀರು ಕಸಿಯಲು ಅಲ್ಲಿ ಆ ಗಿಡವೇ ಇರಲಿಲ್ಲ. ಅದು ನಿಂತು ಬಂದ ಮಣ್ಣು ಮಾತ್ರ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ವಿಷದ ವಾದವೇ ಗೆಲ್ಲುತ್ತಿತ್ತು. ಮುಂದಿನ ಹೆಜ್ಜೆಯಲ್ಲಿ ಕತೆ ತಿರುಗಿತು. ಅದೇ ಮಣ್ಣಿನಲ್ಲಿರುವ ಜೀವಿಗಳನ್ನೆಲ್ಲ ಕೊಂದು ಮತ್ತೆ ಪರೀಕ್ಷಿಸಿದಾಗ ಸಸಿಗಳಿಗೆ ಆಗುತ್ತಿದ್ದ ತೊಂದರೆ ಮಾಯವಾಯಿತು. ಅಂದರೆ ಸಸಿಯನ್ನು ಕೆಡಿಸುತ್ತಿದ್ದದ್ದು ಮಣ್ಣಿನಲ್ಲಿ ಜೀವಂತವಾಗಿದ್ದ ಏನೋ ಒಂದು.

ಅದನ್ನು ಹುಡುಕಿದಾಗ ಸಿಕ್ಕಿದ್ದು ಫ್ಯುಸೇರಿಯಂ ಎಂಬ ಶಿಲೀಂಧ್ರ. ಬಾಳೆ ಬೆಳೆದವರಿಗೆ ಈ ಕುಲ ಹೊಸದಲ್ಲ. ಬಾಳೆಯ ಪನಾಮಾ ಸೊರಗು ರೋಗ ಇದೇ ಬಳಗದ ಇನ್ನೊಂದು ಜಾತಿಯ ಕೆಲಸ. ಯುಪಟೋರಿಯಂ ಬುಡದ ಮಣ್ಣಿನಲ್ಲಿ ಇದರ ಬೀಜಕಣಗಳು ಸ್ಥಳೀಯ ಗಿಡಗಳ ಕಡೆಯ ಮಣ್ಣಿಗಿಂತ 25 ಪಟ್ಟಿಗೂ ಹೆಚ್ಚಿದ್ದವು.

ಇನ್ನೂ ಒಂದು ಅನುಮಾನ ಉಳಿಯಿತು. ಬೂಷ್ಟು ಹೆಚ್ಚಿದ್ದ ಕಡೆ ಗಿಡ ಬಂತೋ, ಗಿಡ ಬಂದಮೇಲೆ ಬೂಷ್ಟು ಹೆಚ್ಚಿತೋ? ಅದಕ್ಕೆ ಯುಪಟೋರಿಯಂ ಬೇರಿನಿಂದ ಇಳಿದ ನೀರನ್ನು ಆ ಗಿಡ ಎಂದೂ ಬೆಳೆಯದ ಮಣ್ಣಿಗೆ ಹಾಕಿದರು. ಬೀಜಕಣಗಳು 10 ಪಟ್ಟಿಗೂ ಮೀರಿ ಏರಿದವು. ಆ ಮಣ್ಣೂ ಸಸಿಗಳಿಗೆ ಮೊದಲಿಗಿಂತ ಕೆಟ್ಟದ್ದಾಯಿತು. ಬೇರಿನ ನೀರಿನ ಜೊತೆ ಸಕ್ರಿಯ ಇದ್ದಿಲು ಸೇರಿಸಿದಾಗ ಈ ಏರಿಕೆ ತಗ್ಗಿತು. ಕುಡಿಯುವ ನೀರಿನ ಫಿಲ್ಟರಿನಲ್ಲಿರುವ ಇದ್ದಿಲಿನ ಗುಣವೇ ಇದು, ಕೆಲವು ರಸಾಯನಗಳನ್ನು ಹೀರಿ ಹಿಡಿದುಕೊಳ್ಳುವುದು. ಹಾಗಾಗಿ ಬೇರಿನ ರಸಾಯನವೇ ಬೂಷ್ಟನ್ನು ಸಾಕುತ್ತಿದೆ ಎಂಬುದಕ್ಕೆ ಬಲ ಬಂತು. ಈ ಶೋಧ 2008ರಲ್ಲಿ ‘ಜರ್ನಲ್ ಆಫ್ ಇಕಾಲಜಿ’ಯಲ್ಲಿ ಪ್ರಕಟವಾಯಿತು.

ಹೊರಗಿನವನ ಚೀಲದಲ್ಲಿ ವಿಷ ಹುಡುಕಲು ಹೊರಟವರಿಗೆ ಸಿಕ್ಕಿದ್ದು ನಮ್ಮದೇ ಮಣ್ಣಿನ ಬೂಷ್ಟು. ಬಂದವನು ಅದಕ್ಕೆ ಉಣಬಡಿಸಿದ. ಅದು ಬೆಳೆದು ಊರಿನ ಗಿಡಗಳ ಮೇಲೇ ಬಿತ್ತು.

ಇದು ತಿಳಿದಮೇಲೆ ಬೆಟ್ಟ ಸವರುವ ಕೆಲಸ ಬೇರೆಯಾಗಿ ಕಾಣುತ್ತದೆ. ಕತ್ತಿಯಲ್ಲಿ ಸವರಿದರೆ ಬೊಡ್ಡೆ ಮತ್ತೆ ಚಿಗುರುತ್ತದೆ, ಬೇರು ಮಣ್ಣಲ್ಲೇ ಉಳಿಯುತ್ತದೆ, ಬೇರಿನ ಉಪಚಾರವೂ ಮುಂದುವರಿಯುತ್ತದೆ. ಬುಡಸಮೇತ ಕಿತ್ತ ಜಾಗದಲ್ಲಿಯೂ ಮರುವರ್ಷವೇ ಕಾಡು ಸಸಿ ತುಂಬಲಿಲ್ಲವೆಂದು ಬೇಸರಿಸುವಂತಿಲ್ಲ, ಆ ಪರೀಕ್ಷೆಯಲ್ಲಿ ಸಸಿಗಳನ್ನು ಕಾಡಿದ್ದು ಗಿಡವಲ್ಲ, ಅದು ಬಿಟ್ಟುಹೋದ ಮಣ್ಣು. ಹೂ ಬಿಡುವ ಮೊದಲು ಇದನ್ನು ಕಡಿದು ತೋಟಕ್ಕೆ ಸೊಪ್ಪಾಗಿ ಹಾಕುವವರಿದ್ದಾರೆ. ಈ ಪರೀಕ್ಷೆ ದೂರಿದ್ದು ಬೇರಿನ ರಸವನ್ನು, ಸೊಪ್ಪಿನ ಮಾತು ಅದರಲ್ಲಿ ಇಲ್ಲ.

ಗಿಡಕ್ಕೆ ಒಂದು ದೌರ್ಬಲ್ಯವಿದೆ. ಅದಕ್ಕೆ ಬಿಸಿಲು ಬೇಕು. ಮರಗಳ ಹಂದರ ಕೂಡಿಕೊಂಡ ಕಡೆ ಅದು ಸೊರಗುತ್ತದೆ. ಸೊಪ್ಪು ಕಡಿಯಲು ಮರ ಹತ್ತಿದವನಿಗೆ ಕೆಳಗೆ ನಿಂತ ಹಿರಿಯರು ಕೂಗಿ ಹೇಳುತ್ತಿದ್ದ ಮಾತೊಂದಿತ್ತು: “ತುದಿ ಬಿಡೋ ತಮ್ಮಾ!” ಮರ ಬದುಕಲಿ ಎಂದು ಅವರು ಹೇಳುತ್ತಿದ್ದರು. ಬಿಟ್ಟ ಆ ತುದಿಯ ನೆರಳಿನಲ್ಲಿ ಬುಡದ ಮಣ್ಣೂ ಉಳಿಯುತ್ತಿತ್ತು.