ಪಾಪ, ನ್ಯಾಯತೀರ್ಪು, ರಕ್ಷಣೆ: ಕ್ರೈಸ್ತ ಪರಿಭಾಷೆ ಮತ್ತು ಕುಲಗೋಡ ಪರಿಸರದ ಕನ್ನಡ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕ್ರೈಸ್ತ ಮಿಶನರಿಗಳಿಗೆ ಒಂದು ನಿಶ್ಚಿತ ಸ್ಥಾನವಿದೆ. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1894ರಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು, ಹಳೆಯ ಕೃತಿಗಳ ಸಂಪಾದನೆ ಇವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಯಾವ ಬೋಧೆಯನ್ನು ಹೇಳುವುದಕ್ಕಾಗಿ ಅವರು ಕನ್ನಡ ಕಲಿತರೋ ಆ ಬೋಧೆಯನ್ನು ಬಹುಮಟ್ಟಿಗೆ ಮತಪ್ರಚಾರವೆಂದು ಬದಿಗಿರಿಸಿದ್ದೇವೆ. ಪಾಪ, ನ್ಯಾಯತೀರ್ಪು, ರಕ್ಷಣೆ ಎಂಬ ಮೂರು ಪರಿಕಲ್ಪನೆಗಳು ಕನ್ನಡದ ಪದಗಳಲ್ಲಿ ನೆಲೆಗೊಂಡಾಗ ಅವುಗಳ ಅರ್ಥದಲ್ಲಿ ಏನಾಯಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವರಣೆಗೆ ಬೆಳಗಾವಿ ಜಿಲ್ಲೆಯ ಪರಿಸರವನ್ನು ಆಯ್ದುಕೊಳ್ಳಲಾಗಿದೆ. ಲಂಡನ್ ಮಿಶನ್ 1820ರಲ್ಲಿ ಬೆಳಗಾವಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಜೋಸೆಫ್ ಟೇಲರ್ ಅದರ ಮೊದಲ ಮಿಶನರಿ. 1904ರಲ್ಲಿ ಈ ಕೇಂದ್ರ ಮೆಥೋಡಿಸ್ಟ್ ಸಭೆಗೆ ವರ್ಗಾವಣೆಗೊಂಡಿತು. ಇದೇ ಜಿಲ್ಲೆಯ ಕುಲಗೋಡ, ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿ ಪ್ರಸಿದ್ಧಿಗೆ ತಂದ ಕುಲಗೋಡ ತಮ್ಮಣ್ಣನ ಊರು. ಹರಿಭಕ್ತಿಯ ಆಟ, ಶರಣರ ವಚನ, ಜೈನರ ಕರ್ಮಸಿದ್ಧಾಂತ ಇವೆಲ್ಲ ಬೆರೆತ ಈ ಸೀಮೆಯ ಕೇಳುಗನ ಕಿವಿ ಬರಿದಾಗಿರಲಿಲ್ಲ. ಹೊಸ ಬೋಧೆ ಹಳೆಯ ಪದಗಳ ಮೂಲಕವೇ ಅವನನ್ನು ತಲುಪಬೇಕಾಗಿತ್ತು.

ಮೊದಲನೆಯದಾಗಿ ‘ಪಾಪ’. ಬೈಬಲಿನ ಮೂಲಭಾಷೆಗಳಾದ ಹೀಬ್ರೂ ಮತ್ತು ಗ್ರೀಕಿನಲ್ಲಿ ಈ ಅರ್ಥಕ್ಕೆ ಬಳಕೆಯಾಗುವ ಮುಖ್ಯ ಪದಗಳ ಮೂಲಾರ್ಥ ‘ಗುರಿ ತಪ್ಪುವುದು’. ಸಂತ ಪೌಲನ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪಾಪವು ಬಿಡಿಬಿಡಿಯಾದ ತಪ್ಪುಗಳ ಮೊತ್ತವಾಗಿರದೆ ಮನುಷ್ಯನನ್ನು ಆಳುವ ಶಕ್ತಿಯಾಗಿ ಕಾಣಿಸಿಕೊಳ್ಳುತ್ತದೆ. ಸಂತ ಅಗಸ್ತೀನ (354-430) ಇದನ್ನು ಜನ್ಮಪಾಪದ ಸಿದ್ಧಾಂತವಾಗಿ ಬೆಳೆಸಿದನು. ಕನ್ನಡದ ಬಳಕೆಯಾದರೋ ಬೇರೆ. ಇಲ್ಲಿ ಪಾಪವನ್ನು ಮಾಡುತ್ತಾರೆ, ಹೊರುತ್ತಾರೆ, ತೊಳೆಯುತ್ತಾರೆ, ಕಳೆದುಕೊಳ್ಳುತ್ತಾರೆ. ಪಾಪದ ಕೊಡ ತುಂಬುತ್ತದೆ. ಅಂದರೆ ಅದು ಅಳತೆಗೆ ಸಿಗುವ ವಸ್ತು. ‘ಪುಣ್ಯ’ ಅದರ ಜೋಡಿಪದ; ಒಂದು ಹೆಚ್ಚಿದರೆ ಇನ್ನೊಂದರ ಭಾರ ತಗ್ಗುತ್ತದೆ. ಕ್ರೈಸ್ತ ಬೋಧೆ ಈ ಜೋಡಿಯನ್ನು ಒಡೆಯುತ್ತದೆ. ಅದರ ಪ್ರಕಾರ ಪಾಪವೆಂದರೆ ದೇವರೊಡನೆ ಇರುವ ಸಂಬಂಧದ ಮುರಿವು. ಮುರಿದ ಸಂಬಂಧವನ್ನು ಪುಣ್ಯಸಂಪಾದನೆಯಿಂದ ಸರಿದೂಗಿಸಲಾಗದು. ಆದ್ದರಿಂದ ಮಿಶನರಿ ಕನ್ನಡದಲ್ಲಿ ಪಾಪದ ಎದುರು ಪುಣ್ಯದ ಬದಲಿಗೆ ‘ಕೃಪೆ’ ಬಂದು ನಿಲ್ಲುತ್ತದೆ. ಪದ ಹಳೆಯದು, ಅದರ ಜೋಡಿ ಹೊಸದು. ಅರ್ಥಾಂತರ ನಡೆದಿರುವುದು ಇಲ್ಲಿಯೇ.

ಆದರೆ ಈ ಭೂಮಿಕೆ ಕನ್ನಡಕ್ಕೆ ಪೂರ್ಣ ಅಪರಿಚಿತವೂ ಅಲ್ಲ. ಪಾರಿಜಾತದ ಕೇಂದ್ರದಲ್ಲಿರುವುದು ಸತ್ಯಭಾಮೆಯ ಗರ್ವಭಂಗ. ಅಗಸ್ತೀನನೂ ಪಾಪದ ಮೂಲವನ್ನು ಗರ್ವದಲ್ಲಿಯೇ ಕಂಡವನು. ಜೊತೆಗೆ ಆಡುಮಾತಿನ ಇನ್ನೊಂದು ಬಳಕೆಯನ್ನು ಗಮನಿಸಬೇಕು. ಕಷ್ಟದಲ್ಲಿರುವವನನ್ನು ಕಂಡು ನಾವು ‘ಪಾಪ!’ ಎನ್ನುತ್ತೇವೆ. ದೋಷವನ್ನು ಹೇಳುವ ಪದವೇ ಮರುಕವನ್ನೂ ಹೇಳುತ್ತದೆ. ಪಾಪಿಯು ದಂಡನೆಗಷ್ಟೇ ಅಲ್ಲ, ಕರುಣೆಗೂ ಪಾತ್ರನೆಂಬ ಕ್ರೈಸ್ತ ಬೋಧೆಗೆ ಇದಕ್ಕಿಂತ ಹತ್ತಿರದ ಕನ್ನಡ ಪ್ರಯೋಗ ಸಿಗಲಾರದು.

ಎರಡನೆಯದು ‘ನ್ಯಾಯತೀರ್ಪು’. ಜೈನ ದರ್ಶನದಲ್ಲಿ ಕರ್ಮವು ತಾನೇ ಫಲ ಕೊಡುತ್ತದೆ. ಅಲ್ಲಿ ನ್ಯಾಯಾಧಿಪತಿಯ ಅಗತ್ಯವಿಲ್ಲ. ಬಸವಣ್ಣನವರ ವಚನಗಳು ಸ್ವರ್ಗ-ನರಕಗಳನ್ನು ಇಹದ ಆಚಾರ-ಅನಾಚಾರಗಳಲ್ಲಿಯೇ ಗುರುತಿಸುತ್ತವೆ. ಪೌರಾಣಿಕ ಕಲ್ಪನೆಯಲ್ಲಿ ಯಮನೂ ಚಿತ್ರಗುಪ್ತನ ಲೆಕ್ಕವೂ ಇವೆಯಾದರೂ ಆ ತೀರ್ಪು ಅಂತಿಮವಲ್ಲ, ಮರುಜನ್ಮದ ಬಾಗಿಲು ತೆರೆದೇ ಇರುತ್ತದೆ. ಕ್ರೈಸ್ತ ಬೋಧೆಯಲ್ಲಿ ಜೀವಿತ ಒಂದೇ, ಅಂತ್ಯದ ತೀರ್ಪೂ ಒಂದೇ. ಕಾಲವನ್ನು ಚಕ್ರವೆಂದು ತಿಳಿದವನಿಗೆ ಅದನ್ನು ನೇರ ರೇಖೆಯೆಂದು ಹೇಳಿದಂತಾಯಿತು. ನಮ್ಮ ಹಳ್ಳಿಗಳಲ್ಲಿ ‘ನ್ಯಾಯ’ವೆಂದರೆ ಜಗಳವೂ ಹೌದು, ಪಂಚರು ಕೂಡಿ ಅದನ್ನು ಬಗೆಹರಿಸುವ ಕ್ರಮವೂ ಹೌದು. ಅದರ ಗುರಿ ಬಹುಪಾಲು ರಾಜಿ. ಆದುದರಿಂದ ‘ನ್ಯಾಯತೀರ್ಪು’ ಎಂಬ ಸಮಾಸದಲ್ಲಿ ಭಯದ ಜೊತೆಗೆ ಸಂಧಾನದ ಧ್ವನಿಯೂ ಸೇರಿಕೊಳ್ಳುವ ಸಾಧ್ಯತೆಯಿದೆ. ದೇವರು ಮನುಷ್ಯನೊಡನೆ ಸಂಧಾನ ಮಾಡಿಕೊಂಡನೆಂಬುದು ಪೌಲನ ಬೋಧೆಯ ತಿರುಳೇ ಆಗಿರುವುದರಿಂದ ಇದು ಅಪಾರ್ಥವಾಗುವುದಿಲ್ಲ.

ಮೂರನೆಯದು ‘ರಕ್ಷಣೆ’. ಮೋಕ್ಷ, ಮುಕ್ತಿ ಎಂಬ ಪದಗಳು ಸಿದ್ಧವಾಗಿದ್ದರೂ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಪ್ರಧಾನವಾಗಿ ನೆಲೆಯೂರಿದ್ದು ‘ರಕ್ಷಣೆ’. ಮೋಕ್ಷ ಭವಚಕ್ರದಿಂದ ಬಿಡುಗಡೆ. ಅದನ್ನು ಸಾಧನೆಯಿಂದ ಪಡೆಯಬಹುದು. ರಕ್ಷಣೆಗಾದರೋ ರಕ್ಷಿಸುವವನೊಬ್ಬ ಬೇಕೇಬೇಕು. ವ್ಯಾಕರಣವೇ ಇಲ್ಲಿ ಸಿದ್ಧಾಂತವನ್ನು ಕಾಯುತ್ತದೆ. ಕಥೋಲಿಕ ಬಳಕೆಯ ‘ಉದ್ಧಾರ’ ಮೇಲಕ್ಕೆತ್ತುವುದನ್ನು ಸೂಚಿಸುತ್ತದೆ. ಆದರೆ ಆಡುಮಾತಿನಲ್ಲಿ ಮನುಷ್ಯ ತಾನಾಗಿಯೂ ‘ಉದ್ಧಾರ’ವಾಗಬಲ್ಲ. ಕೃಪೆ ಮತ್ತು ಮಾನವ ಪ್ರಯತ್ನಗಳ ಕುರಿತು ಯೂರೋಪಿನಲ್ಲಿ ಲೂಥರನ ಕಾಲದಿಂದ, ಅಂದರೆ 1517ರಿಂದ, ನಡೆದ ವಾದದ ನೆರಳು ಈ ಎರಡು ಪದಗಳ ಮೇಲೆ ಬಿದ್ದಿರುವಂತೆ ತೋರುತ್ತದೆ. 1999ರಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಕನ್ನಡದಲ್ಲಿ ಮಾತ್ರ ಎರಡು ಪದಗಳೂ ತಮ್ಮ ತಮ್ಮ ಸಭೆಗಳಲ್ಲಿ ಉಳಿದಿವೆ.

ಈ ರಕ್ಷಣೆಯನ್ನು ಎದುರುನೋಡುವ ಮನೋಭಾವಕ್ಕೆ ಕನ್ನಡ ಬೈಬಲು ಬಳಸುವ ಪದ ‘ನಿರೀಕ್ಷೆ’. ‘ಆಸೆ’ ಎಂಬ ಪದಕ್ಕೆ ವಚನಕಾರರಲ್ಲಿ ಮಾಯೆಯ ಕಳಂಕ ಅಂಟಿಕೊಂಡಿದೆ, ಅದನ್ನು ಗೆಲ್ಲಬೇಕು. ‘ನಿರೀಕ್ಷೆ’ಗೆ ಆ ಕಳಂಕವಿಲ್ಲ. ಬರುವವನ ದಾರಿ ನೋಡುವ ಅರ್ಥ ಅದರಲ್ಲಿದೆ. ಹೀಗಾಗಿ ತೀರ್ಪಿನ ಭಯ ಮತ್ತು ರಕ್ಷಣೆಯ ಭರವಸೆ ಎರಡೂ ಒಬ್ಬನ ಆಗಮನದಲ್ಲಿ ಸೇರುತ್ತವೆ.

ಒಟ್ಟಿನಲ್ಲಿ, ಮಿಶನರಿಗಳು ಕನ್ನಡಕ್ಕೆ ಹೊಸ ಪದಗಳನ್ನು ಕೊಟ್ಟದ್ದಕ್ಕಿಂತ ಹಳೆಯ ಪದಗಳ ನಂಟಸ್ತಿಕೆಯನ್ನು ಬದಲಾಯಿಸಿದ್ದು ಹೆಚ್ಚು. ಆ ಪದಗಳೂ ಸುಮ್ಮನೆ ಬಗ್ಗಲಿಲ್ಲ; ತಮ್ಮ ಹಿಂದಿನ ನೆನಪುಗಳೊಡನೆಯೇ ಬೋಧೆಯೊಳಗೆ ಪ್ರವೇಶಿಸಿದವು. ಮಿಶನರಿ ಸಾಹಿತ್ಯವನ್ನು ಕೇವಲ ‘ಸೇವೆ’ ಎಂದು ಹೊಗಳುವ ಅಥವಾ ಕೇವಲ ‘ಮತಾಂತರದ ಸಾಧನ’ ಎಂದು ತಳ್ಳಿಹಾಕುವ ಎರಡೂ ನಿಲುವುಗಳು ಈ ಕೊಡುಕೊಳೆಯನ್ನು ಕಾಣಲಾರವು. ಇಂದಿಗೂ ಕನ್ನಡದಲ್ಲಿಯೇ ಪ್ರಾರ್ಥಿಸುವ, ಹಾಡುವ, ಸತ್ತವರನ್ನು ಮಣ್ಣಿಗಿಡುವ ಕ್ರೈಸ್ತರ ಭಾಷೆಯನ್ನು ಕನ್ನಡ ಅಧ್ಯಯನದ ಒಳಗೆ ತರಬೇಕಾದರೆ ಸಂಗೀತ ಪುಸ್ತಕಗಳು, ಪ್ರಸಂಗಗಳು ಹಾಗೂ ಆರಾಧನಾ ಕ್ರಮಗಳನ್ನು ಸಾಹಿತ್ಯ ಪಠ್ಯಗಳಷ್ಟೇ ಎಚ್ಚರದಿಂದ ಓದಬೇಕಾಗಿದೆ.